ಮಾವನ ಹಡಗಿನ ಸನ್ಮಾನಪತ್ರ

ಸನ್ಮಾನಪತ್ರ ಬರೆಯುವುದರಲ್ಲಿ ಬಹರೈನಿನ ನಮ್ಮ ಕರಾವಳಿಯವರ ನಡುವೆ ನನಗೊಂದು ಹೆಸರಿದೆ. ನಮ್ಮ ಸಂಘಕ್ಕೆ ವರ್ಷಕ್ಕೆ ನಾಲ್ಕೈದು ಕಾರ್ಯಕ್ರಮ, ಪ್ರತಿ ಕಾರ್ಯಕ್ರಮದಲ್ಲಿ ಒಬ್ಬರಿಗಾದರೂ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಪತ್ರ. ಪತ್ರ ಓದುವಾಗ ಸನ್ಮಾನಿತರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿರಬೇಕು, ಮನೆಯವರು ಪಕ್ಕದಲ್ಲಿ ನಿಂತಿರಬೇಕು, ಮಕ್ಕಳು ಮೊಬೈಲಿನಲ್ಲಿ ವಿಡಿಯೊ ಮಾಡಬೇಕು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕೂತವರು 'ಆರ್ಥಿಕ ಲೋಕದ ಧ್ರುವತಾರೆ', ಹೋಟೆಲ್ ಇಟ್ಟವರು 'ಅನ್ನದಾತ', ವರ್ಷಕ್ಕೊಮ್ಮೆ ಯಕ್ಷಗಾನಕ್ಕೆ ಬಣ್ಣ ಹಚ್ಚಿದವರು 'ಕಲಾತಪಸ್ವಿ'. ಈ ಮಾತುಗಳೆಲ್ಲ ನನಗೆ ಬಾಯಿಪಾಠ. ಯಾರನ್ನಾದರೂ ಹೊನ್ನಶೂಲಕ್ಕೇರಿಸಲು ನನಗೆ ಒಂದು ಗಂಟೆ ಸಾಕು. ಆ ಮನುಷ್ಯನ ಪರಿಚಯ ಇಲ್ಲದಿದ್ದರೆ ಮುಕ್ಕಾಲು ಗಂಟೆ.

ಹೊಟ್ಟೆಪಾಡಿನ ಕೆಲಸ ಇದಕ್ಕೆ ತದ್ವಿರುದ್ಧ. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಬಂದರಿಗೆ ಬರುವ ಹಡಗುಗಳ ಕಾಗದಪತ್ರ ತಯಾರಿಸುವವಳು ನಾನು. ಹಡಗು ಎಷ್ಟು ಉದ್ದ, ನಿಲ್ಲಲು ಎಷ್ಟು ಆಳದ ನೀರು ಬೇಕು, ಹಿಂದಿನ ಬಂದರು ಯಾವುದು, ಒಳಗೆ ಎಷ್ಟು ಜನ. ಅಲ್ಲಿ ಒಂದು ಮಾತು ಹೆಚ್ಚಿಗೆ ಬರೆದರೂ ಕಾಗದ ವಾಪಸು ಬರುತ್ತದೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುವುದೇ ಇದು. ಫಾರ್ಮಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಿರಿ, ಕೇಳದ್ದನ್ನು ಹೇಳಿ ಮೈಮೇಲೆ ಎಳೆದುಕೊಳ್ಳಬೇಡಿ. ಹಾಗೆ ಹಗಲಿಡೀ ನಾಲಿಗೆ ಕಟ್ಟಿಕೊಂಡಿದ್ದಕ್ಕೋ ಏನೋ, ಸಂಜೆ ಸಂಘದ ಪತ್ರ ಬರೆಯಲು ಕೂತರೆ ನನ್ನ ಕೈ ಹಿಡಿಯುವವರಿಲ್ಲ.

ಕಳೆದ ಅಕ್ಟೋಬರಿನಲ್ಲಿ ಸಂಘದ ಅಧ್ಯಕ್ಷರು ಫೋನ್ ಮಾಡಿ, ಈ ಸಲ ರಾಜ್ಯೋತ್ಸವದ ಸನ್ಮಾನ ನಿಮ್ಮ ಮಾವನವರಿಗೇ ಎಂದರು. ಮಾವ ಆಗ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ನಮ್ಮ ಮಾಹೂಝಿನ ಫ್ಲ್ಯಾಟಿಗೆ ಬಂದಿದ್ದರು. ಊರಲ್ಲಿ ಅವರಿರುವುದು ಸುರತ್ಕಲ್ಲಿನ ನನ್ನ ನಾದಿನಿಯ ಮನೆಯಲ್ಲಿ. ಅತ್ತೆ ತೀರಿಕೊಂಡ ಮೇಲೆ ಇಲ್ಲಿಗೆ ಬಂದದ್ದು ಇದೇ ಮೊದಲು. ನೌಕಾಪಡೆಯಲ್ಲಿ ಹದಿನೈದು ವರ್ಷ ದುಡಿದವರು, ಎಪ್ಪತ್ತೈದರ ಹತ್ತಿರ ವಯಸ್ಸು. ಇಂಥ ಮನುಷ್ಯ ನಮ್ಮ ನಡುವೆ ಇರುವಾಗ ಬೇರೆ ಯಾರನ್ನು ಹುಡುಕುವುದು ಎಂದು ಅಧ್ಯಕ್ಷರು ಕೇಳಿದರು. ನನಗೂ ಖುಷಿಯಾಯಿತು. ಹಡಗಿನ ಕಾಗದ ಬರೆಯುವವಳೂ ನಾನೇ, ಸನ್ಮಾನಪತ್ರ ಬರೆಯುವವಳೂ ನಾನೇ, ಮಾವನೂ ನಮ್ಮವರೇ. ಹಾಲಿಗೆ ಸಕ್ಕರೆ ಬೆರೆತ ಹಾಗಾಯಿತು ಎಂದುಕೊಂಡೆ.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಉಡುಪಿಯ ಕಡಲ ಬದಿಯ ಮೀನುಗಾರರ ಮನೆಯವರು. ಗಂಡ, ನಾದಿನಿ ಎಲ್ಲ ಅವರೊಡನೆ ತುಳುವಿನಲ್ಲಿ ಮಾತಾಡುತ್ತಾರೆ. ನಾನು ಅಪ್ಪನ ನೌಕರಿಯ ದೆಸೆಯಿಂದ ದಾವಣಗೆರೆಯಲ್ಲಿ ಬೆಳೆದವಳು, ನನ್ನ ತುಳು ಕೇಳಿದರೆ ಅವರಿಗೆ ಕೆಮ್ಮು ಬರುವಷ್ಟು ನಗು. ಹಾಗಾಗಿ ನನ್ನ ಹತ್ತಿರ ಕನ್ನಡ. ಮಾತು ಕಡಿಮೆ ಎನ್ನುವಂತಿಲ್ಲ. ಹಡಗಿನ ಕತೆ ತೆಗೆದರೆ ಸಾಕು, ಒಲೆಯ ಮೇಲಿಟ್ಟ ಸಾರು ಉಕ್ಕಿ ಹೋದರೂ ಮುಗಿಯುವುದಿಲ್ಲ. ದ್ವೀಪಗಳಿಗೆ ಹಸು ಸಾಗಿಸಿದ ಕತೆಯನ್ನು ನನ್ನ ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ನಡುಗಡಲಲ್ಲಿ ಚಹಾಕ್ಕೆಂದು ಹಾಲು ಕರೆಯಲು ಕೂತರೆ ಹಡಗು ಬಾಗಿತಂತೆ. ಹಸು ಒಂದು ಕಡೆ, ಇವರು ಒಂದು ಕಡೆ, ಹಾಲು ಇನ್ನೊಂದು ಕಡೆ. ಅದನ್ನು ಹೇಳುವಾಗ ಈಗಲೂ ಕುರ್ಚಿಯಿಂದ ಎದ್ದು ಬಾಗಿ ತೋರಿಸುತ್ತಾರೆ.

ಇಲ್ಲಿಗೆ ಬಂದ ಮೇಲೆ ಅವರಿಗೆ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಸಂಜೆ ಐದಾಗುತ್ತಿದ್ದಂತೆ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಲಿಫ್ಟಿನಲ್ಲಿ ಕೆಳಗಿಳಿದು, ನಮ್ಮ ಕಟ್ಟಡದ ವಾಚ್‌ಮನ್ ಜೊತೆ ಕೂರುತ್ತಿದ್ದರು. ನಲವತ್ತೈದು ದಾಟಿದ ನೇಪಾಳದ ಮನುಷ್ಯ, ಮೀಸೆ ನರೆತಿದೆ, ಮಾತು ಕಡಿಮೆ. ಇಬ್ಬರೂ ಹಿಂದಿಯಲ್ಲಿ ಅಷ್ಟಿಷ್ಟು ಮಾತಾಡಿ, ಬಹುಪಾಲು ಸುಮ್ಮನೆ ರಸ್ತೆ ನೋಡುತ್ತ ಕೂತಿರುತ್ತಿದ್ದರು. ಕಟ್ಟಡದಲ್ಲಿ ನಮ್ಮೂರಿನವರೇ ಮೂರು ಮನೆ ಇದ್ದಾರೆ, ಅವರಲ್ಲಿಗೆ ಹೋಗಬಾರದೇ ಎಂದು ನಾನು ಒಂದೆರಡು ಸಲ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದು ನಾನೂ ಬಿಟ್ಟೆ.

ಮಾವ ದುಡಿದ ಹಡಗಿನ ಚರಿತ್ರೆ ಹುಡುಕುವುದು ನನಗೆ ಕಷ್ಟದ ಮಾತಲ್ಲ. ಎರಡು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಅದು ಟ್ಯಾಂಕ್ ಇಳಿಸುವ ಹಡಗು. ಎರಡನೇ ಮಹಾಯುದ್ಧದ ಅವಸರದಲ್ಲಿ ಪರದೇಶದಲ್ಲಿ ಕಟ್ಟಿದ್ದು. ಅದಕ್ಕೆ ಬಂದರು ಬೇಡ, ಹಡಗು ನಿಲ್ಲಿಸುವ ಧಕ್ಕೆ ಬೇಡ. ನೇರವಾಗಿ ಹೋಗಿ ಮರಳಿಗೆ ಮೂತಿ ಊರಿ ನಿಲ್ಲುತ್ತದೆ. ಮೂತಿಯ ಎರಡು ಬಾಗಿಲು ತೆರೆದುಕೊಂಡು ಒಳಗಿನಿಂದ ಕಬ್ಬಿಣದ ಇಳಿಜಾರು ಹಲಗೆ ಕೆಳಗಿಳಿಯುತ್ತದೆ, ಹೊಟ್ಟೆಯೊಳಗಿನ ಟ್ಯಾಂಕುಗಳು ಅದರ ಮೇಲೆ ಉರುಳಿ ದಡಕ್ಕೆ ಹೋಗುತ್ತವೆ. ದಡ ಸೇರುವ ಮುಂಚೆ ಹಿಂಬದಿಯ ಲಂಗರನ್ನು ದೂರದಲ್ಲೇ ಬಿಟ್ಟು ಬರುತ್ತಾರೆ. ಕೆಲಸ ಮುಗಿದ ಮೇಲೆ ಅದರ ಹಗ್ಗವನ್ನು ತಾನೇ ಎಳೆದುಕೊಂಡು ಹಡಗು ಮರಳಿನಿಂದ ಬಿಡಿಸಿಕೊಳ್ಳುತ್ತದೆ. ಮರಳಿಗೆ ಏರಬೇಕಾದ್ದರಿಂದ ತಳ ಚಪ್ಪಟೆ. ತಳ ಚಪ್ಪಟೆಯಾದ್ದರಿಂದ ದೊಡ್ಡ ಕಡಲಲ್ಲಿ ಅದರ ಓಲಾಟ ದೇವರಿಗೇ ಪ್ರೀತಿ. ಹಸುವಿನ ಕತೆ ಸುಳ್ಳಲ್ಲ ಎಂದು ನನಗೆ ಆಗ ಗೊತ್ತಾಯಿತು.

ಮಹಾಯುದ್ಧ ಮುಗಿದ ಮೇಲೆ ಕಟ್ಟಿಸಿದವರಿಗೆ ಅದು ಬೇಡವಾಗಿತ್ತು, ನಮ್ಮ ನೌಕಾಪಡೆಗೆ ಬಂತು. ಆಮೇಲೆ ಅದು ಟ್ಯಾಂಕ್ ಹೊತ್ತದ್ದು ಕಡಿಮೆ. ಸಿಮೆಂಟು, ತಗಡು, ಅಕ್ಕಿ, ಔಷಧಿ, ಶಾಲೆಯ ಮೇಷ್ಟ್ರುಗಳು, ಹಸುಗಳು. ಚಂಡಮಾರುತ ಬಂದಾಗ ಅನ್ನ ಹೊತ್ತು ಹೋಗಿ, ಮನೆ ಕಳೆದುಕೊಂಡವರನ್ನು ಹೊತ್ತು ತಂದದ್ದು. ಯುದ್ಧಕ್ಕೆಂದು ಹುಟ್ಟಿ ಬಾಳಿನ ಹೆಚ್ಚಿನ ಪಾಲನ್ನು ಲಾರಿಯ ಹಾಗೆ ಕಳೆದ ಹಡಗು. ಯಾವ ಪತ್ರಿಕೆಯೂ ಅದರ ಚಿತ್ರ ಹಾಕಿ ಬೀಗಿದಂತಿಲ್ಲ. ಕೊನೆಗೆ ಗುಜರಿಗೆ ಹೋಯಿತು. ಓದುತ್ತ ಓದುತ್ತ ನನಗೆ ಅದರ ಮೇಲೆ ಒಂದು ಮಮತೆ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ.

ಬಾಂಗ್ಲಾ ಯುದ್ಧದ ಕಾಲದ ಬಗ್ಗೆ ಮಾತ್ರ ಒಂದೇ ಸಾಲು ಸಿಕ್ಕಿತು. ಪೂರ್ವದ ಒಂದು ತೀರದಲ್ಲಿ ಸೈನಿಕರನ್ನು ಇಳಿಸಿತು, ಅಷ್ಟೇ. ಸನ್ಮಾನಪತ್ರಕ್ಕೆ ಅಷ್ಟು ಸಾಕಾಗುತ್ತದೆಯೇ? ಯುದ್ಧದ ಭಾಗವೇ ಬಡವಾದರೆ ಸಭೆ ಚಪ್ಪಾಳೆ ಹೊಡೆಯುವುದೆಲ್ಲಿ? ನನ್ನ ಕೈ ತನ್ನ ಅಭ್ಯಾಸದಂತೆ ಓಡಿತು. 'ಬಾಂಗ್ಲಾ ಯುದ್ಧದ ಘೋರ ಸಮಯದಲ್ಲಿ, ಒಬ್ಬ ಸೈನಿಕನ ಕೂದಲೂ ಕೊಂಕದಂತೆ ಸರ್ವರನ್ನೂ ಸುರಕ್ಷಿತವಾಗಿ ದಡ ಮುಟ್ಟಿಸಿದ ಕಡಲ ಕಲಿ' ಎಂದು ಬರೆದೆ. ಬರೆದು ಇನ್ನೊಮ್ಮೆ ಓದಿಕೊಂಡೆ. ಚೆನ್ನಾಗಿದೆ ಎನಿಸಿತು.

ಶುಕ್ರವಾರ ರಜೆ. ಬೆಳಿಗ್ಗೆ ನೀರುದೋಸೆಗೆ ಹಿಂದಿನ ದಿನದ ಬಂಗುಡೆ ಮೀನಿನ ಗಸಿ. ಗಂಡ, ಮಾವ ಇಬ್ಬರೂ ತಿನ್ನುತ್ತಿರುವಾಗ ನಾನು ಪತ್ರ ಓದಿದೆ. ಸಂಘದಲ್ಲಿ ನಿರೂಪಕಿ ಓದುವ ಹಾಗೆಯೇ ಏರಿಳಿತ ಕೊಟ್ಟು ಓದಿದೆ. ಮಾವ ಮೊದಲು ನಾಚಿಕೊಂಡರು. ಹಡಗಿನ ಚಪ್ಪಟೆ ತಳದ ವರ್ಣನೆ ಬಂದಾಗ ತಲೆಯಾಡಿಸಿದರು. ಹಸುವಿನ ಮಾತು ಬಂದಾಗ ಮಗನ ಕಡೆ ನೋಡಿ ನಕ್ಕರು. ಯುದ್ಧದ ಸಾಲು ಓದಿದೆ. ತಟ್ಟೆಯಲ್ಲಿ ಇನ್ನೂ ಅರ್ಧ ದೋಸೆ ಇತ್ತು, ಅವರು ಕೈ ತೊಳೆದುಕೊಂಡು ಬಂದು ಕುರ್ಚಿಯ ಹಿಂದೆ ನಿಂತರು.

"ಚಂದ ಬರೆದಿದ್ದಿ. ಆದ್ರೆ ನನಗೆ ಸನ್ಮಾನ ಗಿನ್ಮಾನ ಎಲ್ಲ ಬೇಡ. ಅವರಿಗೆ ಹೇಳಿಬಿಡು" ಎಂದರು.

ಯಾಕೆ ಎಂದು ಕೇಳಿದೆ. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನನ್ನ ಗಂಡ ಬೇಕಾದರೆ ಸಾಕ್ಷಿ ಸಮೇತ ಹೇಳುತ್ತಾನೆ. ಆಮಂತ್ರಣ ಅಚ್ಚಾಗಿದೆ, ಊರಿನ ಎಲ್ಲ ವಾಟ್ಸ್ಯಾಪ್ ಗುಂಪುಗಳಿಗೆ ಮಾವನ ಫೋಟೊ ಹೋಗಿದೆ. ಹೊಗಳಿಕೆ ಕಡಿಮೆಯಾಯಿತೇನೋ ಎಂದು ಯೋಚಿಸಿ 'ಸಾಗರಸಿಂಹ' ಎಂದು ಇನ್ನೊಂದು ಬಿರುದು ಸೇರಿಸಿದೆ. ಅಪ್ಪನಿಗೆ ತಲೆಗೆ ಪೇಟ ಸುತ್ತಿದರೆ ಸೆಕೆ, ಅದಕ್ಕೇ ಇರಬೇಕು ಎಂದು ಗಂಡ ಹೇಳಿದ. ಪರದೆ, ಸೋಫಾ ಮಾರುವ ಅಂಗಡಿಯ ಮ್ಯಾನೇಜರ್ ಅವನು, ಲೋಕದ ಎಲ್ಲ ತೊಂದರೆಗೂ ಬಟ್ಟೆಯೇ ಕಾರಣ ಎಂದು ನಂಬಿದವನು. ಅಧ್ಯಕ್ಷರಂತೂ, ಹಿರಿಯರಿಗೆ ಮುಂದಿನ ಸಾಲಿನ ಸೋಫಾ ಕೊಡುತ್ತೇವೆಂದು ಹೇಳಿ ಎಂದರು. ಮೂರು ಜನ ಮೂರು ಕಡೆ ಎಳೆದೆವು, ನಿಜ ಎಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಗಂಡ ಹಮದ್ ಟೌನಿನ ಯಾವುದೋ ಮನೆಗೆ ಪರದೆಯ ಅಳತೆಗೆ ಹೋಗಿದ್ದ. ಅಲ್ಲಿಯ ಸಾಲುಸಾಲು ರಸ್ತೆವೃತ್ತಗಳನ್ನು ಸುತ್ತಿ ಅವನು ಬೇಗ ವಾಪಸು ಬಂದದ್ದು ಎಂದೂ ಇಲ್ಲ. ಮಾವ ಅಡುಗೆಮನೆಯ ನೆಲದಲ್ಲಿ ಪೇಪರ್ ಹಾಸಿಕೊಂಡು ಮೀನು ಸ್ವಚ್ಛ ಮಾಡುತ್ತಿದ್ದರು. ಅವರು ಬಂದ ಮೇಲೆ ಆ ಕೆಲಸ ನನಗೆ ಬಿಟ್ಟದ್ದೇ ಇಲ್ಲ. ನಾನು ಆಫೀಸಿನ ಬುದ್ಧಿ ಉಪಯೋಗಿಸಿದೆ. ಅಲ್ಲಿ ಯಾರಾದರೂ ಕಾಗದ ವಾಪಸು ಕಳಿಸಿದರೆ ನಾವು ಯಾಕೆ ಎಂದು ಕೇಳುವುದಿಲ್ಲ, ಎಲ್ಲಿ ಎಂದು ಕೇಳುತ್ತೇವೆ. ಪತ್ರವನ್ನು ಅವರ ಎದುರಿಗೆ ಇಟ್ಟು, ಯಾವ ಸಾಲು ತಪ್ಪಾಗಿದೆ ತೋರಿಸಿ ಮಾವ, ಅಷ್ಟು ಮಾಡಿ ಸಾಕು ಎಂದೆ.

ಅವರು ಕೈಯಲ್ಲಿದ್ದ ಮೀನನ್ನು ಪೂರ್ತಿ ಸ್ವಚ್ಛ ಮಾಡಿದರು. ಮತ್ತೆ ಕೈ ತೊಳೆದುಕೊಂಡು ಬಂದು, ಒದ್ದೆ ಬೆರಳನ್ನು 'ಕೂದಲೂ ಕೊಂಕದಂತೆ' ಎಂಬಲ್ಲಿ ಇಟ್ಟರು. ಅಲ್ಲಿ ಶಾಯಿ ಸ್ವಲ್ಪ ಹರಡಿತು. ಆಮೇಲೆ ನೆಲದಲ್ಲೇ ಕೂತು ಹೇಳಿದರು.

ಆಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಹಡಗಿನ ತುಂಬ ಸೈನಿಕರು, ಹೆಚ್ಚಿನವರು ಗೂರ್ಖಾ ಹುಡುಗರು, ನೇಪಾಳದ ಬೆಟ್ಟದ ಹಳ್ಳಿಗಳವರು. ಅವರಲ್ಲಿ ಕಡಲನ್ನು ಹಿಂದೆ ಕಂಡವರು ಒಬ್ಬರೂ ಇರಲಿಲ್ಲ. ಓಲಾಟಕ್ಕೆ ಎರಡು ದಿನ ವಾಂತಿ ಮಾಡಿಕೊಂಡು ಬಿದ್ದಿದ್ದರು. ಮಾವ ಅವರಿಗೆ ಉಪ್ಪು ಹಾಕಿದ ಗಂಜಿ ನೀರು ಕುಡಿಸಿದ್ದರು. ಬೆಳಕು ಹರಿಯುವಾಗ ಹಡಗು ದಡದ ಕಡೆ ನುಗ್ಗಿ ಮರಳಿಗೆ ಮೂತಿ ಊರಿತು. ಬಾಗಿಲು ತೆರೆಯಿತು, ಹಲಗೆ ಇಳಿಯಿತು. ಅಳತೆಯ ಗಳ ಹಿಡಿದು ಮೂತಿಯಲ್ಲಿ ನಿಂತಿದ್ದವರು ಮಾವ. ಹಲಗೆಯ ಬುಡದಲ್ಲಿ ನೀರೆಷ್ಟು ಎಂದು ಮೇಲಿನಿಂದ ಅಧಿಕಾರಿ ಕೇಳಿದರು. ಮಾವ ಗಳ ಊರಿ ನೋಡಿ, ನಾಲ್ಕಡಿ ಸರ್ ಎಂದು ಕೂಗಿದರು. ಅದು ಸರಿಯಾದ ಲೆಕ್ಕವೇ. ಎದೆಮಟ್ಟದ ನೀರು, ಇಳಿಯಬಹುದು. ಬೆನ್ನ ಮೇಲೆ ಮಣಭಾರದ ಹೊರೆ, ಕೈಯಲ್ಲಿ ಬಂದೂಕು ಎತ್ತಿ ಹಿಡಿದು ಹುಡುಗರು ಇಳಿದರು. ಮೊದಲ ಹತ್ತು ಹೆಜ್ಜೆ ನೀರು ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು. ಅವರಲ್ಲೊಬ್ಬ ತಿರುಗಿ ನೋಡಿ ನಕ್ಕನಂತೆ. ಆಮೇಲಿನ ನಾಲ್ಕು ಹೆಜ್ಜೆಗೆ ಮುಂದಿನ ಸಾಲು ಕಾಣಲೇ ಇಲ್ಲ.

ಹಡಗು ಊರಿದ್ದು ದಡಕ್ಕಲ್ಲ, ದಡದ ಮುಂದಿನ ಮರಳದಿಬ್ಬಕ್ಕೆ. ದಿಬ್ಬಕ್ಕೂ ದಡಕ್ಕೂ ನಡುವೆ ಆಳುದ್ದದ ಗುಂಡಿ. ತೆರೆ ಎಲ್ಲಿ ಒಡೆಯುತ್ತದೋ ಅಲ್ಲಿ ದಿಬ್ಬ ಇರುತ್ತದೆ, ದಿಬ್ಬ ದಾಟಿದರೆ ಒಳಗೆ ಮತ್ತೆ ನೀರು ಆಳ. ಇದು ಅಧಿಕಾರಿಗಳಿಗೆ ಗೊತ್ತಿರಲಿಲ್ಲ, ಬೆಟ್ಟದವರಿಗಂತೂ ಗೊತ್ತಿರಲು ಸಾಧ್ಯವಿಲ್ಲ. ಮಾವನಿಗೆ ಗೊತ್ತಿತ್ತು. ಏಳು ವರ್ಷದವರಿದ್ದಾಗಿನಿಂದ ಊರವರ ಜೊತೆ ದಡದಿಂದ ಕೈರಂಪಣಿ ಬಲೆ ಎಳೆದವರು ಅವರು. ಅಂಥ ಗುಂಡಿಗೆ ಕಾಲು ಜಾರಿ ಬಿದ್ದು ಅಜ್ಜನ ಕೈಯಲ್ಲಿ ಪೆಟ್ಟು ತಿಂದವರು.

"ತೆರೆ ದಡದಲ್ಲಲ್ಲ, ನಮ್ಮ ಹಿಂದೆ ಒಡೀತಾ ಇತ್ತು, ನಾನು ಕಣ್ಣಾರೆ ನೋಡಿದ್ದೆ. ಮುಂದೆ ಗುಂಡಿ ಉಂಟು ಅಂತ ನನಗೆ ಗೊತ್ತಾಗಿತ್ತು. ಹಲಗೆ ಬುಡದಲ್ಲಿ ಎಷ್ಟು ಅಂತ ಕೇಳಿದ್ರು, ನಾನು ಅಷ್ಟೇ ಹೇಳಿದೆ."

ನನ್ನ ಬಾಯಿಂದ ಆಗ ಬಂದದ್ದು ಆಫೀಸಿನ ಮಾತೇ. "ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದೀರಿ ಮಾವ. ನಿಮ್ಮ ಕೆಲಸ ಅಷ್ಟೇ ಅಲ್ವಾ?"

"ಅದನ್ನೇ ಐವತ್ತು ವರ್ಷದಿಂದ ನಾನೂ ನನಗೆ ಹೇಳಿಕೊಳ್ಳುದು" ಎಂದರು.

ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇಷ್ಟು ವರ್ಷ ಒಬ್ಬ ಮನುಷ್ಯನ ಎದೆಯಲ್ಲಿ ಹೇಗೆ ಕೂತಿತ್ತೆಂದು ನೋಡಿ ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆ ನಾನು ಬರೆದದ್ದಕ್ಕೆ. ಅವರು ಗೊತ್ತಿದ್ದದ್ದನ್ನು ಹೇಳದೆ ಉಳಿದಿದ್ದರು, ನಾನು ಗೊತ್ತಿಲ್ಲದ್ದನ್ನು ಬರೆದಿದ್ದೆ. ಅದೂ ಏರಿಳಿತ ಕೊಟ್ಟು, ಅವರು ಉಣ್ಣುತ್ತಿರುವಾಗ ಓದಿದ್ದೆ. ಬರೆಯುವ ಮೊದಲು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇಪ್ಪತ್ತು ವರ್ಷದಲ್ಲಿ ಯಾವ ಸನ್ಮಾನಿತರನ್ನೂ ನಾನು ಕೇಳಿದ್ದಿಲ್ಲ. ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ.

ಆ ದಿನ ಹಡಗಿನವರು ಹಗ್ಗ ಬಿಟ್ಟು, ನೀರಿಗೆ ಹಾರಿ ಬಹಳಷ್ಟು ಜನರನ್ನು ಎತ್ತಿದರಂತೆ. ಮಾವನೂ ಹಾರಿದ್ದರು, ಒಬ್ಬನನ್ನು ಎಳೆದು ದಿಬ್ಬದ ಮೇಲೆ ಹಾಕಿದರು. ಇಬ್ಬರು ಮಾತ್ರ ಸಿಗುವಾಗ ತಡವಾಗಿತ್ತು. ಒಬ್ಬನನ್ನು ಎಳೆದು ಉಳಿಸಿದರು ಎಂಬುದು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಸನ್ಮಾನಪತ್ರದವಳು ಮತ್ತೆ ಎದ್ದು ಕೂತಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. ಹಾಗಾದರೆ ಅದನ್ನೇ ಬರೆಯೋಣ ಮಾವ, ಅದು ಸುಳ್ಳಲ್ಲವಲ್ಲ ಎಂದೆ.

"ಎಳೆದದ್ದು ಬರೆಯುದಾದ್ರೆ ಮುಳುಗಿದ್ದೂ ಬರಿ" ಎಂದರು ಮಾವ. ಮತ್ತೆ ಮೀನಿನ ಮುಂದೆ ಕೂತರು.

ಆ ಪತ್ರಕ್ಕೆ ನನಗೆ ಎರಡು ದಿನ ಹಿಡಿಯಿತು. ಬಿರುದುಗಳನ್ನೆಲ್ಲ ಕಿತ್ತು ಹಾಕಿದ ಮೇಲೆ ಅರ್ಧ ಪುಟ ಉಳಿಯಿತು. ಹಡಗು ಎಲ್ಲಿ ಹುಟ್ಟಿತು, ಏನೇನು ಹೊತ್ತಿತು. ಯುದ್ಧದಲ್ಲಿ ಒಂದು ಬೆಳಿಗ್ಗೆ ಸೈನಿಕರನ್ನು ಇಳಿಸುವಾಗ ಇಬ್ಬರು ಗುಂಡಿಯಲ್ಲಿ ಮುಳುಗಿದರು. ಇವರು ಆಗ ಮೂತಿಯಲ್ಲಿ ನಿಂತು ನೀರು ಅಳೆಯುತ್ತಿದ್ದರು. ಗುಂಡಿ ಇದೆಯೆಂದು ಇವರಿಗೆ ಗೊತ್ತಿತ್ತು, ಹೇಳಲಿಲ್ಲ. ಆಮೇಲೆ ಹಾರಿ ಒಬ್ಬನನ್ನು ಎತ್ತಿದರು. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಇದು ಸರಿ ಉಂಟು, ಇದನ್ನು ಓದಿಸುವುದಾದರೆ ಕುರ್ಚಿಯಲ್ಲಿ ಕೂರುತ್ತೇನೆ ಎಂದರು.

ಗಂಡನಿಗೂ ಅದೇ ಕಾಗದ ಕೊಟ್ಟೆ. ಅವನು ಓದಿ ಬಾಲ್ಕನಿಗೆ ಹೋಗಿ ನಿಂತ. ಅಪ್ಪ ಇಷ್ಟು ವರ್ಷ ನಮಗೆ ಹಸುವಿನ ಕತೆ ಹೇಳಿದ್ದು ಇದನ್ನು ಹೇಳಬಾರದೆಂದೇ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು.

ಅಧ್ಯಕ್ಷರು ಕೆಟ್ಟವರಲ್ಲ. ಅವರು ಫೋನಿನಲ್ಲಿ, ಅಕ್ಕಾ, ಇದು ಹಬ್ಬದ ಸಭೆ, ಮಕ್ಕಳ ನೃತ್ಯದ ಮಧ್ಯೆ ಇದನ್ನು ಹೇಗೆ ಓದಿಸುವುದು ಎಂದು ಕೇಳಿದರು. ಆ ಯುದ್ಧದ ಸಾಲನ್ನು ಪೂರ್ತಿ ತೆಗೆದುಬಿಡಿ, ಯಾರಿಗೂ ನೋವಿಲ್ಲ ಎಂಬುದು ಅವರ ಸಲಹೆ. ನನಗೆ ಅದು ನ್ಯಾಯವಾಗಿಯೇ ಕಂಡಿತು. ಮಾವ ಒಪ್ಪಲಿಲ್ಲ. ತೆಗೆದರೆ ಮತ್ತೊಮ್ಮೆ ಬಾಯಿ ಮುಚ್ಚಿ ನಿಂತ ಹಾಗೆ ಆಗುತ್ತದೆ ಎಂದರು. ಕೊನೆಗೆ ಸನ್ಮಾನ ಇಲ್ಲಿನ ಆಸ್ಪತ್ರೆಯೊಂದರಿಂದ ನಿವೃತ್ತರಾಗುತ್ತಿದ್ದ ನಮ್ಮ ಮಂಗಳೂರು ಕಡೆಯ ನರ್ಸ್ ಒಬ್ಬರಿಗೆ ಹೋಯಿತು. ಅವರ ಪತ್ರವನ್ನೂ ನಾನೇ ಬರೆದೆ. ಬರೆಯುವ ಮೊದಲು ಅವರ ಮನೆಗೆ ಹೋಗಿ ಕೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಹೆದರದೆ ಡ್ಯೂಟಿಗೆ ಹೋದದ್ದಿಲ್ಲ, ಅದನ್ನು ಬೇಕಾದರೆ ಬರೆಯಿರಿ ಎಂದರು. ಬರೆದೆ. ಸಭೆಯಲ್ಲಿ ಮಾವ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮಾವನಿಗೆ ಮುಗಿದಿರಲಿಲ್ಲ. ಊರಿಗೆ ಹೋಗಲು ಎರಡು ವಾರ ಉಳಿದಿತ್ತು. ಒಂದು ಸಂಜೆ ಫ್ಲಾಸ್ಕಿಗೆ ಚಹಾ ತುಂಬಿಸುತ್ತ, ಕೆಳಗಿನವನಿಗೆ ಇದನ್ನು ಹೇಳಬೇಕೆಂದಿದ್ದೇನೆ, ಬಂದ ದಿನದಿಂದ ಹೇಳಬೇಕೆಂದೇ ಹೋಗಿ ಕೂರುತ್ತೇನೆ, ಬಾಯಿ ಬರುವುದಿಲ್ಲ ಎಂದರು. ಆಗ ನನಗೆ ಆ ಸಂಜೆಗಳೆಲ್ಲ ಅರ್ಥವಾದವು. ಮುದುಕರಿಗೆ ಹೊತ್ತು ಹೋಗುತ್ತಿಲ್ಲ ಎಂದು ನಾನು ತಿಳಿದದ್ದು ಎಷ್ಟು ಸುಲಭವಾಗಿ! ಆ ವಾಚ್‌ಮನ್‌ಗೂ ಇದಕ್ಕೂ ಏನು ಸಂಬಂಧ, ಅವನು ಆಗ ಹುಟ್ಟಿಯೂ ಇರಲಿಲ್ಲ ಎಂದೆ. ಸಂಬಂಧ ಇಲ್ಲವೆಂದು ತನಗೂ ಗೊತ್ತುಂಟು ಎಂದರು. ಆದರೂ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಾಗಿಲ ಕಡೆ ಹೊರಟರು. ನಾನು ಮೂರು ಲೋಟ ಹಿಡಿದು ಜೊತೆಗೆ ಹೋದೆ. ಅವನು ಮುಖ ತಿರುಗಿಸಿಬಿಟ್ಟರೆ ಈ ಜೀವ ಅದನ್ನು ಹೊತ್ತುಕೊಂಡೇ ಊರಿಗೆ ಹೋಗಬೇಕಲ್ಲ ಎಂದು ನನಗೆ ಹೆದರಿಕೆ.

ಮಾವ ನೌಕಾಪಡೆಯ ಹಿಂದಿಯಲ್ಲಿ ಹೇಳಿದರು. ಅರ್ಧಕ್ಕೆ ಬಂದಾಗ ಮೂರನೇ ಮಹಡಿಯವರು ಬಂದು ಕಾರು ನಿಲ್ಲಿಸುವ ಜಾಗದ ಬಗ್ಗೆ ತಕರಾರು ತೆಗೆದರು. ವಾಚ್‌ಮನ್ ಎದ್ದು ಹೋಗಿ, ಒಂದು ಕಾರು ಸರಿಸಿ ಬಂದು, ಮತ್ತೆ ಸ್ಟೂಲಿನ ಮೇಲೆ ಕೂತು, ಮುಂದೆ ಹೇಳಿ ಎಂದ. ಮಾವ ಬಿಟ್ಟಲ್ಲಿಂದ ಮುಂದುವರಿಸಿದರು. ಗುಂಡಿ ತನಗೆ ಗೊತ್ತಿತ್ತು ಎಂಬುದನ್ನು ಎರಡು ಸಲ ಹೇಳಿದರು, ಮೊದಲ ಸಲ ದನಿ ಬರಲಿಲ್ಲವೇನೋ ಎಂಬಂತೆ.

ಮುಳುಗಿದ ಇಬ್ಬರ ಹೆಸರೇನು ಎಂದು ವಾಚ್‌ಮನ್ ಕೇಳಿದ. ಮಾವನಿಗೆ ಗೊತ್ತಿರಲಿಲ್ಲ. ಯಾವ ಊರು ಎಂದ. ಅದೂ ಗೊತ್ತಿರಲಿಲ್ಲ. ನಿಮ್ಮ ತಪ್ಪಲ್ಲ ಬಾಬೂಜಿ ಎಂದು ಅವನು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ಅವನು ಹೇಳಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಸ್ವಲ್ಪ ಸಿಟ್ಟೂ ಬಂತು. ಚಹಾ ಮುಗಿಸಿ ಲೋಟವನ್ನು ನೆಲಕ್ಕಿಟ್ಟು, ತನ್ನ ಊರಿನ ಬಗ್ಗೆ ಹೇಳಿದ. ನದಿ ಎಲ್ಲೋ ಆಳದಲ್ಲಿ ಹರಿಯುತ್ತದೆ, ಮೇಲಿನ ದಾರಿಯಲ್ಲಿ ನಡೆಯುತ್ತ ಅದನ್ನು ನೋಡುವುದಷ್ಟೇ, ಇಳಿದವರಿಲ್ಲ.

"ನನಗೂ ಈಜು ಬರಲ್ಲ" ಎಂದ ಹಿಂದಿಯಲ್ಲಿ. "ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಸುತ್ತ ಸಮುದ್ರ. ಒಂದು ದಿನವೂ ಕಾಲಿಟ್ಟಿಲ್ಲ, ಭಯ."

ಮಾವ ಅವನ ಮುಖವನ್ನೇ ನೋಡಿದರು. ಶುಕ್ರವಾರ ರಜೆಯೇ ಎಂದು ಕೇಳಿದರು. ಬೆಳಿಗ್ಗೆ ಹತ್ತರವರೆಗೆ ಬಿಡುವು ಎಂದ ಅವನು.

ಆ ಶುಕ್ರವಾರ ಗಂಡ ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಬದಿಗೆ ಹೋದ. ಬಹರೈನಿನ ಕಡಲು ನಮ್ಮೂರಿನ ಕಡಲಲ್ಲ, ಅಬ್ಬರವಿಲ್ಲ. ಇಳಿತದ ಹೊತ್ತಿನಲ್ಲಿ ಎಷ್ಟು ದೂರ ನಡೆದರೂ ಮೊಣಕಾಲು ದಾಟುವುದಿಲ್ಲ, ಆದರೆ ಅಲ್ಲಲ್ಲಿ ಹೂಳೆತ್ತಿದ ಗುಂಡಿಗಳಿವೆ ಎಂದು ನನ್ನ ಆಫೀಸಿನ ನಕಾಶೆ ನೋಡಿ ನನಗೆ ಗೊತ್ತು. ಅದನ್ನು ಕಾರಿನಲ್ಲಿಯೇ ಮಾವನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಹೊರಡುವಾಗಲೇ ನಮ್ಮ ನೆಲ ಒರೆಸುವ ಕೋಲಿನ ಬಟ್ಟೆ ಬಿಚ್ಚಿ ಬರಿಯ ಕೋಲನ್ನು ತಂದಿದ್ದರು.

ವಾಚ್‌ಮನ್ ಪ್ಯಾಂಟ್ ಮಡಚಿಕೊಂಡು ನೀರಿನ ಅಂಚಿನಲ್ಲಿ ನಿಂತ. ಮೊದಲ ಸಣ್ಣ ತೆರೆ ಪಾದಕ್ಕೆ ತಾಗಿದಾಗ ಒಂದು ಹೆಜ್ಜೆ ಹಿಂದೆ ಬಂದ. ಮಾವ ಲುಂಗಿ ಮೇಲೆ ಕಟ್ಟಿ, ಅವನನ್ನು ಅಲ್ಲೇ ಇರಲು ಹೇಳಿ ತಾವು ಮುಂದೆ ಹೋದರು. ಹತ್ತು ಹೆಜ್ಜೆ ನಡೆದು ಕೋಲು ಊರಿದರು, ಎಡಕ್ಕೆ ಊರಿದರು, ಬಲಕ್ಕೆ ಊರಿದರು, ಇನ್ನೂ ಐದು ಹೆಜ್ಜೆ ಆಚೆಗೆ ಹೋಗಿ ಕಾಲಿನಿಂದ ತಡವಿ ನೋಡಿದರು. ತಿರುಗಿ ನಿಂತು ಕೂಗಿ ಹೇಳಿದರು, ಇಲ್ಲಿ ಮೊಣಕಾಲು, ನೆಲ ಗಟ್ಟಿ, ಎಡಗಡೆ ಕಲ್ಲುಂಟು, ಬಾ. ಅವನು ಬಂದ. ಮತ್ತೆ ಇವರು ಮುಂದೆ ಹೋದರು. ಎಪ್ಪತ್ತೈದರ ಮನುಷ್ಯ ಹೀಗೆ ಪ್ರತಿ ಹತ್ತು ಹೆಜ್ಜೆಗೆ ಹೋಗಿ ಬಂದು ಮಾಡುವುದನ್ನು ನೋಡಿ ಗಂಡ ಜೊತೆಗೆ ಇಳಿಯಲು ಹೊರಟ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ.

ಅವರು ಸುಮಾರು ದೂರ ಹೋಗಿದ್ದರು. ಒಂದು ಕಡೆ ಮಾವನ ಕೋಲು ಅರ್ಧಕ್ಕಿಂತ ಹೆಚ್ಚು ಒಳಗೆ ಹೋಯಿತು. ಅವರು ಕೈ ಅಗಲಿಸಿ ನಿಂತು, ಮುಂದೆ ಗುಂಡಿ ಇದೆ, ಈ ಕಡೆ ಬರಬೇಡ, ಗುಂಡಿ ಇದೆ ಎಂದು ಹಿಂದಿಯಲ್ಲಿ ಜೋರಾಗಿ ಕೂಗಿದರು. ದಡದಲ್ಲಿದ್ದ ನಮಗೂ ಅದು ಸ್ಪಷ್ಟವಾಗಿ ಕೇಳಿಸಿತು. ವಾಚ್‌ಮನ್ ಆಗಲೇ ನಿಂತಿದ್ದ. ಮುಂದೆ ಎಷ್ಟು ನೀರು ಎಂದು ಅವನು ಕೇಳಿರಲಿಲ್ಲ. ಮಾವ ಹೇಳುತ್ತಲೇ ಇದ್ದರು.